ಮಳೆಗಾಲದಲ್ಲಿ ಮುನಿದ ಗ್ರಾಫಿಕ್ಸ್ ಕಾರ್ಡು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಜುಲೈ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಈ ಸಲ ಕಂಪ್ಯೂಟರೂ ಕೈಕೊಟ್ಟಿತು. ಅಡಿಕೆ ಲೆಕ್ಕ ಬರೆಯುವಾಗ ಏನೂ ತೊಂದರೆಯಿಲ್ಲ. ಆಟ ಶುರು ಮಾಡಿ ಹತ್ತು ನಿಮಿಷಕ್ಕೆ ಪರದೆ ಕಪ್ಪು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಮಾತ್ರ ಗುಂಯ್ ಅಂತ ಜೋರಾಗಿ ತಿರುಗುತ್ತದೆ.

"ಅದಕ್ಕೂ ಸಾಕಾಗಿರ್ಬೇಕು ಮಾರಾಯ" ಅಂದಳು ಅಮ್ಮ.

ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಸುಮ್ನೆ ಒಂದು ಸಂಜೆ ಹಾಳು. ಕಾರ್ಡು ಬಿಚ್ಚಿ, ಮಾನಿಟರಿನ ಅದೇ ಕೇಬಲ್ಲನ್ನು ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಹಾಕಿದರೆ ಚಿತ್ರ ಚೆನ್ನಾಗೇ ಬಂತು. ಅಂದರೆ ಮಾನಿಟರ್ ತಪ್ಪಲ್ಲ. ಕ್ಯಾಬಿನೆಟ್ ಒಳಗೆ ದೂಳಿನ ಜೊತೆ ಎರಡು ಹಲ್ಲಿ ಮೊಟ್ಟೆ! ಅದನ್ನೆಲ್ಲ ಬ್ರಶ್ಶಿನಲ್ಲಿ ತೆಗೆದು, ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಮಗಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಕೂರಿಸಿದೆ. ಮತ್ತೆ ಅದೇ ಕತೆ.

ಕೊನೆಗೆ ಕಣ್ಣು ಬಿದ್ದಿದ್ದು ಕರೆಂಟಿನ ವೈರಿನ ಮೇಲೆ. ನನ್ನ ಕಾರ್ಡಿಗೆ 120 ವ್ಯಾಟ್ ಬೇಕು. ಕಾರ್ಡು ಕೂರುವ ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದದ್ದು 6 ಪಿನ್ನಿನ ವೈರಿನಿಂದ ಬರಬೇಕು. ಕಂಪ್ಯೂಟರಿಗೆ ಕರೆಂಟು ಹಂಚುವ ಹಳೇ ಎಸ್‌ಎಂಪಿಎಸ್‌ನಲ್ಲಿ ಆ ವೈರೇ ಇರಲಿಲ್ಲ ಅಂತ ಹಾರ್ಡ್ ಡಿಸ್ಕಿನ ವೈರಿಗೆ ಅಗ್ಗದ ಕನ್ವರ್ಟರ್ ಸಿಕ್ಕಿಸಿದ್ದೆ. ನನ್ನದೇ ಜುಗ್ಗತನ. ಅದರ ಒಂದು ಪಿನ್ ಸುಟ್ಟು ಕಂದಾಗಿತ್ತು. ಲೆಕ್ಕ ಬರೆಯುವಾಗ ಕರೆಂಟು ಜಾಸ್ತಿ ಬೇಡ, ಆಟಕ್ಕೆ ಬೇಕು, ಅಲ್ವಾ?

ಮಳೆಯಲ್ಲೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, 6 ಪಿನ್ ವೈರಿರುವ ಹೊಸ ಎಸ್‌ಎಂಪಿಎಸ್ ತಂದೆ. ನಿನ್ನೆ ರಾತ್ರಿ ಎರಡು ತಾಸು ಆಡಿದೆ, ಪರದೆ ಕಪ್ಪಾಗಲಿಲ್ಲ. ಆಮೇಲೆ ಊರಿನ ಕರೆಂಟೇ ಹೋಯಿತು.