ಪ್ರೀತಿಯಿಂದಷ್ಟೇ ರೇಡಿಯೋ ಉಳಿಯುವುದಿಲ್ಲ

ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರ ಎಂಬ ಹಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ರಾಘವ ಮಹತೋ ಎಂಬ ತರುಣರು ಸುಮಾರು 50 ರೂಪಾಯಿಯ ಬಿಡಿಭಾಗಗಳಿಂದ ಟ್ರಾನ್ಸ್‌ಮಿಟರ್ ಮಾಡಿ, ಬಿದಿರು ಗಳದ ತುದಿಗೆ ಆಂಟೆನಾ ಬಿಗಿದು, ಊರಿನವರಿಗಾಗಿ ಒಂದು ಎಫ್‌ಎಂ ನಿಲಯವನ್ನೇ ನಡೆಸಿದ್ದರು. ಸಿನಿಮಾ ಹಾಡು, ಭಕ್ತಿಗೀತೆ, ನಡುನಡುವೆ ಕಳೆದುಹೋದವರ ಕುರಿತ ಪ್ರಕಟಣೆ, ಇಷ್ಟೇ ಅದರ ಬಂಡವಾಳ. ಸುತ್ತಲಿನ ಹಳ್ಳಿಗಳ ಜನ ಅದನ್ನು ಮನಸಾರೆ ಕೇಳುತ್ತಿದ್ದರು. ಪರವಾನಗಿ ಇಲ್ಲವೆಂಬ ಕಾರಣಕ್ಕೆ 2006ರಲ್ಲಿ ಅಧಿಕಾರಿಗಳು ಅದನ್ನು ಮುಚ್ಚಿಸಿದಾಗ ಆ ಪ್ರೀತಿ ಯಾವ ಉಪಯೋಗಕ್ಕೂ ಬರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಕೇಂದ್ರ ಸರಕಾರ ಸಮುದಾಯ ರೇಡಿಯೋ, ಅಂದರೆ ಲಾಭದ ಉದ್ದೇಶವಿಲ್ಲದೆ ಸುತ್ತಲಿನ ಜನರಿಗಾಗಿಯೇ ಇರುವ ಸಣ್ಣ ನಿಲಯ, ನಡೆಸುವ ಅವಕಾಶವನ್ನು ಶಿಕ್ಷಣ ಸಂಸ್ಥೆಗಳ ಆಚೆಗೂ ವಿಸ್ತರಿಸಿತು. ಆದರೆ ಆ ಅವಕಾಶ ದೊರೆತದ್ದು ನೋಂದಣಿಯಾಗಿ ಕನಿಷ್ಠ 3 ವರ್ಷ ಕೆಲಸ ಮಾಡಿದ ಸಂಸ್ಥೆಗಳಿಗೆ, ಅಂಗಡಿಯಲ್ಲಿ ಕುಳಿತು ಹಾಡು ಹಾಕುವ ಒಬ್ಬ ವ್ಯಕ್ತಿಗಲ್ಲ. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿತ್ತು. ಆ ಸಾರ್ವಜನಿಕರಲ್ಲಿ ಮನ್ಸೂರ್‌ಪುರದವರು ಸೇರಿದ್ದರೋ ಇಲ್ಲವೋ ಎಂದು ನನಗೆ ಈಗಲೂ ಅನುಮಾನ.

ಇದೇ ಬಗೆಯ ಇನ್ನೊಂದು ನಿಲಯದ ಕಥೆ ಬೇರೆಯಾಯಿತು. ಪೂರ್ವ ಲಂಡನ್ನಿನ ರಿನ್ಸ್ ಎಫ್‌ಎಂ 1994ರಲ್ಲಿ ಪೈರೇಟ್ ನಿಲಯವಾಗಿ, ಅಂದರೆ ಪರವಾನಗಿಯಿಲ್ಲದೆ, ಹುಟ್ಟಿತು. ಎತ್ತರದ ವಸತಿ ಕಟ್ಟಡಗಳ ಮಾಳಿಗೆಯ ಮೇಲೆ ಕದ್ದು ಆಂಟೆನಾ ನಿಲ್ಲಿಸಿ, ದೊಡ್ಡ ನಿಲಯಗಳು ಹತ್ತಿರ ಬಿಟ್ಟುಕೊಳ್ಳದ ಗ್ರೈಮ್ ಮತ್ತು ಡಬ್‌ಸ್ಟೆಪ್ ಸಂಗೀತವನ್ನು ಅದು ಗಂಟೆಗಟ್ಟಲೆ ಬಿತ್ತರಿಸುತ್ತಿತ್ತು. ಸ್ಥಾಪಕರಲ್ಲೊಬ್ಬರಾದ ಸ್ಲಿಮ್ಜಿ ಅವರಿಗೆ ಆ ಭಾಗದ ಕಟ್ಟಡಗಳ ಮಾಳಿಗೆ ಹತ್ತದಂತೆ 2005ರಲ್ಲಿ ಕೋರ್ಟು ನಿರ್ಬಂಧ ವಿಧಿಸಿತು. ಅಂಥ ನಿಲಯಕ್ಕೆ 2010ರಲ್ಲಿ ಸಮುದಾಯ ರೇಡಿಯೋ ಪರವಾನಗಿ ಸಿಕ್ಕಿತು. ಬ್ರಿಟನ್ನಿನಲ್ಲಿ ಇಂಥ ಪರವಾನಗಿ ಕೊಡುವಾಗ, ನಿಲಯ ಬೇಕೆನ್ನುವ ಜನ ಇದ್ದಾರೆಯೇ, ಅದರಿಂದ ಅವರಿಗೆ ಏನು ಪ್ರಯೋಜನ ಎಂಬುದಕ್ಕೆ ಪುರಾವೆ ನೋಡುತ್ತಾರೆ. ಅಂದರೆ ಅಲ್ಲಿ ಜನಬೆಂಬಲಕ್ಕೆ ಕಾಗದದ ಮೇಲೆಯೇ ಒಂದು ಜಾಗವಿದೆ.

ಬೆಂಬಲ ಹೇಗಿರಬೇಕೆಂಬುದಕ್ಕೆ ಅದೇ 2010ರ ಇನ್ನೊಂದು ಉದಾಹರಣೆ ನನಗೆ ಹೆಚ್ಚು ಪಾಠ ಕಲಿಸಿದೆ. ಬಿಬಿಸಿ ತನ್ನ 6 ಮ್ಯೂಸಿಕ್ ನಿಲಯವನ್ನು ಮುಚ್ಚುವ ಪ್ರಸ್ತಾಪವನ್ನು ಮಾರ್ಚ್‌ನಲ್ಲಿ ಮುಂದಿಟ್ಟಾಗ, ವಿರೋಧಿಸಿದವರು ಘೋಷಣೆ ಕೂಗಿ ಮನೆಗೆ ಹೋಗಲಿಲ್ಲ, ನಿಲಯವನ್ನು ಕೇಳಲು ಕುಳಿತರು. ಅದರ ಹೆಸರೇ ಗೊತ್ತಿಲ್ಲದಿದ್ದವರೂ ಕುತೂಹಲದಿಂದ ಕೇಳತೊಡಗಿದ್ದರಿಂದ ವಾರದ ಕೇಳುಗರ ಸಂಖ್ಯೆ ಸುಮಾರು 7 ಲಕ್ಷದಿಂದ 10 ಲಕ್ಷಕ್ಕೇರಿತು. ಜುಲೈನಲ್ಲಿ, ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಪ್ರಸ್ತಾಪವನ್ನು ತಳ್ಳಿಹಾಕಿತು.

ಇದನ್ನೆಲ್ಲ ಜಮಖಂಡಿಯಲ್ಲಿ ಕುಳಿತು ಬರೆಯಲು ಕಾರಣವಿದೆ. ಹಾಡು ಕೇಳುವವರ ನಮ್ಮ ವಾಟ್ಸಾಪ್ ಬಳಗಕ್ಕೆ ಈಚೆಗೆ ಒಂದು ಮನವಿ ಬಂದಿತ್ತು: ದೂರದ ಊರಿನ ಸಣ್ಣ ಸಂಗೀತ ರೇಡಿಯೋ ಮುಚ್ಚುತ್ತಿದೆ, ಉಳಿಸಲು ಸಹಿ ಹಾಕಿರಿ. ಅರ್ಧ ಗಂಟೆಯೊಳಗೆ ಬಹುತೇಕ ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಆ ನಿಲಯವನ್ನು ಯಾರಾದರೂ ಕೇಳಿದ್ದೀರಾ ಎಂದು ವಿಚಾರಿಸಿದ್ದಕ್ಕೆ ಮಾತ್ರ ಒಬ್ಬರೂ ಉತ್ತರಿಸಲಿಲ್ಲ. ಇಂಥ ಸಹಿಯನ್ನು ಓದುವ ಅಧಿಕಾರಿಗೆ ಅದರ ತೂಕ ತಿಳಿಯದೆ ಇರುತ್ತದೆಯೇ?

ನಮ್ಮ ಸೀಮೆಯ ಹಾಡಿಗೂ ಜಾಗ ಕೊಡುವುದು ಸಣ್ಣ ರೇಡಿಯೋವೇ. ಗೀಗೀ ಮೇಳದಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಪಟ್ಟು ಹಿಡಿದು, ಸವಾಲಿಗೆ ಜವಾಬು ಕೊಡುತ್ತ ಬೆಳಗಿನವರೆಗೆ ಹಾಡುತ್ತಾರೆ. ಇದನ್ನು ಮೂರು ನಿಮಿಷದ ಹಾಡು, ಎರಡು ನಿಮಿಷದ ಜಾಹೀರಾತು ಎಂಬ ಲೆಕ್ಕಕ್ಕೆ ಕತ್ತರಿಸಿದರೆ ಸವಾಲು ಒಂದು ಕಡೆ, ಜವಾಬು ಇನ್ನೊಂದು ಕಡೆ ಉಳಿಯುತ್ತದೆ. ಜಾತ್ರೆಯೊಂದರಲ್ಲಿ ಮೊಬೈಲಿಗೆ ಹಿಡಿದಿಟ್ಟ ಒಂದು ರಾತ್ರಿಯ ಹಾಡಿಕೆ ನನ್ನ ಬಳಿಯಿದೆ. ದಪ್ಪಿನ ಪೆಟ್ಟು, ತುಂತುಣಿಯ ತಂತಿ, ಹಿಂದೆ ಜನರೇಟರಿನ ಸದ್ದು, ನಡುವೆ ಹಾಡು ನಿಲ್ಲಿಸಿ ಹತ್ತು ರೂಪಾಯಿ ಕಾಣಿಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವುದು, ಎಲ್ಲವೂ ಅದರಲ್ಲಿವೆ. ಅದನ್ನು ಸೋಸದೆ ಬಿತ್ತರಿಸುವ ಧೈರ್ಯ ಯಾವ ವ್ಯಾಪಾರಿ ನಿಲಯಕ್ಕೂ ಇರಲಾರದು. ಮೊಹರಮ್ಮಿನ ರಿವಾಯತ ಪದಗಳ ಪಾಡೂ ಇದೇ.

ಸಮುದಾಯ ರೇಡಿಯೋದ ಶಕ್ತಿ 100 ವ್ಯಾಟ್‌ನಷ್ಟು, ಅದರ ದನಿ ಹತ್ತಾರು ಕಿಲೋಮೀಟರು ದಾಟುವುದೇ ಕಷ್ಟ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕೆಂಬ ನಿಯಮ ಕಲಾವಿದರ ಪಾಲಿಗೆ ವರವಾಗಿದ್ದರೂ, ಆ ಕೆಲಸಕ್ಕೆ ಸಂಬಳ ಕೊಡುವಷ್ಟು ಆದಾಯ ಅಂಥ ನಿಲಯಗಳಿಗಿರುವುದಿಲ್ಲ. ನಮ್ಮ ಕಡೆಯ ಇಂಥದೊಂದು ನಿಲಯವು ರಾತ್ರಿಯ ಜನಪದ ಹಾಡಿನ ವೇಳೆಯನ್ನು ಕೈಬಿಡಲಿದೆಯೆಂಬ ಸುದ್ದಿ ಹಬ್ಬಿದೆ. ನೋಟಿಸು ಬರುವ ಮೊದಲೇ ನಾವು ಬರೆಯಬೇಕೆಂದು ಬಳಗದಲ್ಲಿ ವಾದಿಸಿದ್ದೇನೆ. ಯಾವ ದಿನ ಯಾವ ಮೇಳ ಕೇಳಿದೆವು, ಯಾವ ಹಾಡು ಅರ್ಧಕ್ಕೇ ನಿಂತಿತು, ನಮ್ಮಲ್ಲಿ ಯಾರು ಧ್ವನಿಮುದ್ರಣಕ್ಕೆ ಬರಲು ಸಿದ್ಧ, ತಿಂಗಳಿಗೆ ಎಷ್ಟು ವಂತಿಗೆ ಕೂಡಿಸಬಲ್ಲೆವು ಎಂಬ ವಿವರವಿರುವ ಹತ್ತು ಪತ್ರಗಳು, ಹೆಸರಷ್ಟೇ ಇರುವ ಸಾವಿರ ಸಹಿಗಳಿಗಿಂತ ನಿಲಯ ನಡೆಸುವವರ ಕೈ ಬಲಪಡಿಸುತ್ತವೆ. ಮೊದಲ ಕರಡನ್ನು ನಾನು ಬರೆದು ಹಾಕಿದ್ದೇನೆ. ಅದರಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟದವರ ಹೆಸರೇ ಇಲ್ಲವೆಂದು ಲೋಕಾಪುರದ ಹಿರಿಯರೊಬ್ಬರು ಆಗಲೇ ತಕರಾರು ತೆಗೆದಿದ್ದಾರೆ. ಅದನ್ನು ಸೇರಿಸಿದ ಮೇಲೆ ಪತ್ರ ಅಂಚೆಗೆ ಹೋಗಲಿದೆ.