ಆ ಏಳು ವರ್ಷ

ಕಳೆದ ಭಾನುವಾರ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಸೋದರಮಾವ ಕೇಳಿದ ಒಂದು ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಬೆಳಗಿನ ಲೋಕಲ್‌ನಲ್ಲಿ ನಿಂತಾಗಲೂ, ಅಂಧೇರಿಯ ಕಚೇರಿಯಲ್ಲಿ ಅಪರಿಚಿತರ ರೆಸ್ಯೂಮೆಗಳನ್ನು ತೆರೆದಾಗಲೂ ಅದೇ ಕೇಳಿಸುತ್ತದೆ: "ಹಾಗಾದರೆ ಆ ಏಳು ವರ್ಷ ಎಲ್ಲಿ ಹೋಯಿತು, ಮಗಾ?"

ಮಾವ ಒಂದು ಕಂಪನಿಯ ಹಣಕಾಸು ವಿಭಾಗದ ಜನರಲ್ ಮ್ಯಾನೇಜರ್. ಕಂಪನಿ ಬೇರೆಯವರ ಕೈಸೇರಿದ್ದರಿಂದ ಐವತ್ತು ದಾಟಿದ ಮೇಲೆ ಹೊಸ ಕೆಲಸ ಹುಡುಕಬೇಕಾಗಿ ಬಂದಿದೆ. ಹಿರಿಯ ಹುದ್ದೆಗಳಿಗೆ ಬರುವ ಅರ್ಜಿಗಳನ್ನು ಓದುವುದೇ ನನ್ನ ಕೆಲಸವಾದ್ದರಿಂದ ತಮ್ಮದನ್ನೂ ನೋಡಲು ಕರೆದಿದ್ದರು. ಒಟ್ಟು ಆರು ಪುಟಗಳಿದ್ದವು. ಎಲ್ಲಕ್ಕಿಂತ ಮೇಲೆ, 1987ರಿಂದ 1994ರವರೆಗೆ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ದುಡಿದದ್ದನ್ನು ಬರೆದಿದ್ದರು.

ನಾನು ಕಚೇರಿಯ ಧಾಟಿಯಲ್ಲೇ ಹೇಳಿಬಿಟ್ಟೆ. ಈಗಿನ ಹುದ್ದೆ ಮೊದಲು ಬರಬೇಕು, ಕಳೆದ ಹತ್ತು ಹದಿನೈದು ವರ್ಷಗಳಿಗೆ ಮಾತ್ರ ವಿವರ ಸಾಕು, ಒಂದೇ ಕಂಪನಿಯಲ್ಲಿ ಸಿಕ್ಕ ಬಡ್ತಿಗಳೆಲ್ಲ ಒಂದೇ ಶೀರ್ಷಿಕೆಯಡಿ ಇರಲಿ, ಹಳೆಯದಕ್ಕೆ ಒಂದೊಂದು ಸಾಲು, ಹೋಟೆಲಿನದು ಬೇಡ. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಆ ಪ್ರಶ್ನೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಉತ್ತರಿಸುವುದು ನನಗೆ ಸುಲಭವಾಗುತ್ತಿತ್ತು.

ನಾನು ಹೇಳಿದ ನಿಯಮ ತಪ್ಪಲ್ಲ. ದಿನಕ್ಕೆ ಹತ್ತಾರು ರೆಸ್ಯೂಮೆ ಓದುವವರು ಮೊದಲ ಪುಟದಲ್ಲಿ ಹುಡುಕುವುದು ಈ ಮನುಷ್ಯ ಇಂದು ಎಷ್ಟು ದೊಡ್ಡ ಹೊಣೆ ಹೊರಬಲ್ಲ ಎಂಬುದನ್ನು. ಆದರೆ ಮಾವನ ರೆಸ್ಯೂಮೆಯ ನಿಜವಾದ ದೋಷ ಹೋಟೆಲಿನ ಸಾಲಿನಲ್ಲಿರಲಿಲ್ಲ, ನಾಲ್ಕನೆಯ ಪುಟದಲ್ಲಿತ್ತು. ಅಲ್ಲಿ, ಜಿಎಸ್‌ಟಿ ಜಾರಿಯ ಕಾರ್ಯದಲ್ಲಿ ಪಾಲ್ಗೊಳ್ಳಲಾಯಿತು ಎಂಬರ್ಥದ ಒಂದು ವಾಕ್ಯವಿತ್ತು. ಪಾಲ್ಗೊಂಡವರು ಯಾರು, ಅದರಿಂದ ಏನಾಯಿತು ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಕೆದಕಿ ಕೇಳಿದ ಮೇಲೆ ಸಂಗತಿ ಹೊರಬಂತು. ಹಿಂದೆ ಒಂದು ರಾಜ್ಯದಿಂದ ಮತ್ತೊಂದು ರಾಜ್ಯದ ವ್ಯಾಪಾರಿಗೆ ನೇರವಾಗಿ ಮಾರಿದರೆ ಶೇಕಡಾ 2ರಷ್ಟು ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಆ ರಾಜ್ಯದಲ್ಲಿದ್ದ ಸ್ವಂತ ಡಿಪೊಗೆ ಸರಕು ಸಾಗಿಸಿ ಅಲ್ಲಿಂದ ಮಾರಿದರೆ ಬೀಳುತ್ತಿರಲಿಲ್ಲ. ಅದಕ್ಕಾಗಿ ಎಷ್ಟೋ ಕಂಪನಿಗಳು ರಾಜ್ಯಕ್ಕೊಂದು ಡಿಪೊ ಇಟ್ಟುಕೊಂಡಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಆ ಕಾರಣ ಇಲ್ಲವಾಯಿತು. ಯಾವ ಡಿಪೊ ಮುಚ್ಚಬೇಕು, ಯಾವುದನ್ನು ಭಿವಂಡಿಯ ಗೋದಾಮಿಗೆ ಸೇರಿಸಬೇಕು, ಹಳೆಯ ದಾಸ್ತಾನಿನ ಮೇಲೆ ಕಟ್ಟಿದ್ದ ತೆರಿಗೆಯನ್ನು ಹೊಸ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಹೇಗೆ ಪಡೆಯಬೇಕು ಎಂದು ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಿದವರು ಮಾವ. ಅವರ ಕಂಪನಿಯ 19 ಡಿಪೊಗಳು 7ಕ್ಕೆ ಇಳಿದವು.

"ಇದನ್ನು ಯಾಕೆ ಬರೆಯಲಿಲ್ಲ ಮಾವ?"

"ನಾನೊಬ್ಬನೇ ಮಾಡಿದ್ದಲ್ಲವಲ್ಲ."

ನಮ್ಮ ಮನೆಗಳಲ್ಲಿ 'ನಾನು ಮಾಡಿದೆ' ಎನ್ನುವುದನ್ನು ಅಹಂಕಾರವೆಂದೇ ಕಲಿಸಿದ್ದಾರೆ, ಆ ಕಲಿಕೆಯ ಮೇಲೆ ನನಗೆ ಗೌರವವೂ ಇದೆ. ಆದರೆ 'ಮಾಡಲಾಯಿತು' ಎಂದು ಬರೆದಾಗ ಮಾವನೂ ಕಾಣುವುದಿಲ್ಲ, ಅವರೊಂದಿಗೆ ದುಡಿದ ಹದಿನಾಲ್ಕು ಜನರೂ ಕಾಣುವುದಿಲ್ಲ. ಹದಿನಾಲ್ಕು ಜನರ ತಂಡ ಕಟ್ಟಿ, ನಿರ್ಧಾರ ತೆಗೆದುಕೊಂಡು, ಇಷ್ಟು ಸಾಧಿಸಿದೆ ಎಂದರೆ ಎಲ್ಲರಿಗೂ ನ್ಯಾಯ ಸಿಗುತ್ತದೆ. ಉಳಿತಾಯದ ಮೊತ್ತ ಕಂಪನಿಯ ಒಳಗಿನ ಗುಟ್ಟಾದರೆ ಶೇಕಡಾವಾರು ಬರೆಯಬಹುದು. ಇದರ ಬದಲು ಮಾವನ ಮಗ ಮೇಲ್ಭಾಗದಲ್ಲಿ 'ದೂರದೃಷ್ಟಿಯ ಕ್ರಿಯಾಶೀಲ ನಾಯಕ' ಎಂದು ಸೇರಿಸಿದ್ದ. ಒಳ್ಳೆಯ ಹುಡುಗ, ಅಪ್ಪನ ಮೇಲೆ ಪ್ರಾಣವನ್ನೇ ಇಟ್ಟಿದ್ದಾನೆ. ಆದರೆ ಯಾರ ಹೆಸರಿನ ಮುಂದೆಯೂ ಅಂಟಿಸಬಹುದಾದ ಆ ವಿಶೇಷಣ ಅಪ್ಪನನ್ನು ಇನ್ನಷ್ಟು ಮರೆಮಾಡಿತ್ತು. ನಾನು ಮೊದಲು ಹೊಡೆದುಹಾಕಿದ್ದು ಅದನ್ನೇ.

ಊಟವಾದ ಮೇಲೆ ಮಾವ ಹೋಟೆಲಿನ ಗಲ್ಲೆಯ ಮಾತು ತೆಗೆದರು. ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿಯ ಎಸ್ಸೆಸ್ಸಿ ಮುಗಿಸಿದ ಮೇಲೆ ಮೇಜು ಒರೆಸುವುದು ತಪ್ಪಿ ಗಲ್ಲೆಯಲ್ಲಿ ಕೂರುವ ಕೆಲಸ ಸಿಕ್ಕಿತ್ತಂತೆ. ಬಾಗಿಲು ಹಾಕಿದ ನಂತರ ಚಿಲ್ಲರೆಯನ್ನು ಹತ್ತು ಹತ್ತರ ಕಂಬಗಳಾಗಿ ನಿಲ್ಲಿಸಿ ಎಣಿಸುತ್ತಿದ್ದೆ ಎಂದು ಹೇಳುತ್ತಾ, ಖಾಲಿ ಮೇಜಿನ ಮೇಲೆ ಎರಡು ಬೆರಳುಗಳಿಂದ ಆ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿ ತೋರಿಸಿದರು. ಕಡಿಮೆ ಬಿದ್ದದ್ದು ಪಗಾರದಿಂದ ಹೋಗುತ್ತಿತ್ತು. ಆ ಬೆರಳುಗಳನ್ನು ನೋಡುತ್ತಿದ್ದಾಗ, 19 ಡಿಪೊಗಳ ದಾಸ್ತಾನನ್ನು ತಾಳೆ ನೋಡಿದ ಮನುಷ್ಯ ಎಲ್ಲಿ ತಯಾರಾದನೆಂದು ನನಗೆ ತಿಳಿಯಿತು.

ಹೋಟೆಲಿನ ಸಾಲನ್ನು ಅನುಭವದ ಪಟ್ಟಿಯಿಂದ ತೆಗೆದೆವು. ಎರಡನೆಯ ಪುಟದ ಕೊನೆಯಲ್ಲಿ, ಶಿಕ್ಷಣದ ಭಾಗದಲ್ಲಿ, ಬಿ.ಕಾಂ. ಪದವಿಯ ಪಕ್ಕದಲ್ಲಿ ಬರೆದೆ: ರಾತ್ರಿ ಶಾಲೆ ಮತ್ತು ಬೆಳಗಿನ ಕಾಲೇಜಿನಲ್ಲಿ ಓದು, ಜೊತೆಗೆ ಹೋಟೆಲಿನಲ್ಲಿ ಪೂರ್ಣಾವಧಿ ಕೆಲಸ, 1987–1994. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದುಕೊಂಡು 1987ರ ಹಿಂದೆ 'ಜೂನ್' ಎಂದು ಸೇರಿಸಿದರು.

"ಬಸ್ಸಿಳಿದಾಗ ಮಳೆ ಹಿಡಿದಿತ್ತು," ಎಂದರು.