ಎರಡು ಟ್ಯಾಂಕಿನ ಜಾಗ್ವಾರ್

ಹೋದ ಶನಿವಾರ ಕಾರು ಮಾರಿದೆ. 1983ರ ಜಾಗ್ವಾರ್ ಎಕ್ಸ್‌ಜೆ6, ಸೀರೀಸ್ ತ್ರೀ. ಕಡುನೀಲಿ ಬಣ್ಣ, ಒಳಗೆ ಬಿಸ್ಕತ್ತಿನ ಬಣ್ಣದ ಚರ್ಮದ ಸೀಟು, ಮೀಟರಿನಲ್ಲಿ 31,412 ಮೈಲಿ. ಇಪ್ಪತ್ತೆಂಟು ವರ್ಷ ಕವೆಂಟ್ರಿಯ ನಮ್ಮ ಮನೆ ಗ್ಯಾರೇಜಿನಲ್ಲಿತ್ತು. ಈಗ ನಾವಿಬ್ಬರೂ ಮಗಳ ಊರಿನಲ್ಲಿ ಫ್ಲ್ಯಾಟಿಗೆ ಹೋಗುತ್ತಿದ್ದೇವೆ. ಅಲ್ಲಿ ಗ್ಯಾರೇಜಿಲ್ಲ. ಈ ಕಾರನ್ನು ಇಂಗ್ಲೆಂಡಿನ ಮಳೆಯಲ್ಲಿ ಹೊರಗೆ ನಿಲ್ಲಿಸುವುದು ನನ್ನ ಕೈಲಿ ಆಗದ ಕೆಲಸ.

ಇದು ಹುಟ್ಟಿದ್ದೂ ಇದೇ ಊರಿನಲ್ಲಿ, ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ. ಅಲ್ಲಿ 2005ರಲ್ಲಿ ಕಾರು ಕಟ್ಟುವುದು ನಿಂತಿತು. 2008ರಲ್ಲಿ ಕಂಪನಿ ಟಾಟಾದವರ ಕೈಗೆ ಬಂದಾಗ ದಾವಣಗೆರೆಯಿಂದ ಅಣ್ಣ ಫೋನ್ ಮಾಡಿ, "ನಿನ್ನ ಕಾರು ಈಗ ನಮ್ಮ ದೇಶದ್ದೇ ಆಯ್ತಲ್ಲೋ" ಎಂದಿದ್ದ. ಆಗ ನನಗಾದ ಸಂತೋಷ ಅಷ್ಟಿಷ್ಟಲ್ಲ. 4.2 ಲೀಟರಿನ ಆರು ಸಿಲಿಂಡರ್ ಎಂಜಿನ್. 1948ರ ಎಕ್ಸ್‌ಕೆ120 ಕಾರಿನಲ್ಲಿ ಮೊದಲು ಬಂದ ಎಂಜಿನ್ನಿನ ವಂಶದ್ದೇ. ನಿಂತಲ್ಲಿ ಚಾಲೂ ಇದ್ದರೆ ಪಕ್ಕದಲ್ಲಿ ನಿಂತವರಿಗೂ ಕಿವಿಗೊಟ್ಟು ಕೇಳಬೇಕು, ಅಷ್ಟು ಮೆತ್ತಗಿನ ಸದ್ದು.

"ಕಡಿಮೆ ಓಡಿದೆ" ಅಂತ ಜಾಹೀರಾತಿನಲ್ಲಿ ಬರೆದ ಕೂಡಲೇ ಜನ ಬರುತ್ತಾರೆ. ಬರುತ್ತಾರೆ, ಆದರೆ ನಂಬುವುದಿಲ್ಲ. ನಂಬಲೂಬಾರದು. ಆ ಕಾಲದ ಎಷ್ಟೋ ಕಾರುಗಳ ಮೀಟರಿನಲ್ಲಿ ಮೈಲಿಗೆ ಐದೇ ಅಂಕಿ. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ 31 ಸಾವಿರ ಅಂತ ಕಾಣುವುದು 1 ಲಕ್ಷದ 31 ಸಾವಿರವೂ ಇರಬಹುದು, ಅಲ್ವಾ? ಅದಕ್ಕೆ ಉತ್ತರ ಒಂದೇ, ಕಾಗದ. ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆ ಮಾಡಿಸಬೇಕು. ಅವತ್ತಿನ ಮೀಟರಿನ ಅಂಕಿ ಅದರ ಚೀಟಿಯಲ್ಲಿರುತ್ತದೆ. 1986ರ ಮೊದಲ ಚೀಟಿಯಿಂದ ಹಿಡಿದು ಎಲ್ಲವೂ ನನ್ನ ಫೈಲಿನಲ್ಲಿದ್ದವು. ಮೊದಲ ಹನ್ನೊಂದು ಚೀಟಿ ಕಾರಿನ ಮೊದಲ ಯಜಮಾನರದ್ದು. ಪಕ್ಕದ ಬೀದಿಯಲ್ಲಿದ್ದ ಅವರು ಪ್ರತಿ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಆ ವರ್ಷ ಎಲ್ಲೆಲ್ಲಿ ಹೋಗಿದ್ದರು ಅಂತ ಬರೆದಿಟ್ಟಿದ್ದರು. 1997ರಲ್ಲಿ ನಾನು ಕೊಂಡಾಗ 19 ಸಾವಿರ ಚಿಲ್ಲರೆ ಆಗಿತ್ತು. ನಲವತ್ತು ವರ್ಷ ತುಂಬಿದ ಮೇಲೆ ಪರೀಕ್ಷೆ ಕಡ್ಡಾಯ ಅಲ್ಲ, ರಸ್ತೆ ತೆರಿಗೆಯನ್ನೂ ಕಟ್ಟಬೇಕಾಗಿಲ್ಲ. ಆದರೂ ನಾನು ಪರೀಕ್ಷೆ ಬಿಡಲಿಲ್ಲ. ಬ್ರೇಕಿಗೆ ಗೊತ್ತಾಗುತ್ತಾ ಕಾನೂನು?

ಕಡಿಮೆ ಓಡಿದ ಕಾರು ಅಂದರೆ ಹೊಸ ಕಾರಿನ ಹಾಗೆ ಇರುತ್ತದೆ ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಈ ಕಾರಿಗೆ ಎರಡು ಪೆಟ್ರೋಲ್ ಟ್ಯಾಂಕು, ಹಿಂದಿನ ಎರಡೂ ಮಡ್‌ಗಾರ್ಡುಗಳ ಒಳಗೆ ಒಂದೊಂದು. ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ವರ್ಷಕ್ಕೆ ನಾನೂರು ಚಿಲ್ಲರೆ ಮೈಲಿ ಓಡಿಸುವವನಿಗೆ ಒಂದೇ ಟ್ಯಾಂಕು ಸಾಕು. ನಾನು ಬಲಗಡೆಯದನ್ನೇ ತುಂಬಿಸುತ್ತಿದ್ದೆ. ಎಡಗಡೆಯದರಲ್ಲಿ ತಳಕ್ಕಂಟಿದ ಹಳೇ ಪೆಟ್ರೋಲ್ ಹಾಗೇ ಕೂತಿತ್ತು. ಮೂರು ವರ್ಷದ ಹಿಂದೆ ಒಂದು ದಿನ ಗ್ಯಾರೇಜಿನ ಬಾಗಿಲು ತೆಗೆದರೆ ಗಪ್ಪಂತ ವಾಸನೆ. ಎಡ ಚಕ್ರದ ಹಿಂದೆ ನೆಲದ ಮೇಲೆ ಅಂಗೈಯಗಲ ಒದ್ದೆ. ಮೆಕ್ಯಾನಿಕ್ ಹಿಂದಿನ ಬಂಪರ್ ಬಿಚ್ಚಿ ಟ್ಯಾಂಕು ಇಳಿಸಿ, ಅದರ ಬಾಯಿಗೆ ಟಾರ್ಚ್ ಹಿಡಿದು ತೋರಿಸಿದ. ಒಳಗೆ ರಾಗಿ ಹಿಟ್ಟಿನ ಬಣ್ಣದ ಕೆಸರು. ತಳದಲ್ಲಿ ಗುಂಡುಸೂಜಿ ಮೊನೆಯಷ್ಟು ಮೂರು ತೂತು. ಓಡಿಸಿ ಸವೆದದ್ದಲ್ಲ ಅದು, ಓಡಿಸದೆ ಕೊಳೆತದ್ದು. ಹೊಸ ಟ್ಯಾಂಕು ಹಾಕಿಸಿದೆ. ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ. 2021ರಿಂದ ಇಲ್ಲಿ ಮಾಮೂಲಿ ಪೆಟ್ರೋಲಿಗೆ ಹತ್ತು ಪರ್ಸೆಂಟಿನವರೆಗೆ ಎಥನಾಲ್ ಬೆರೆಸುತ್ತಾರೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಅವತ್ತಿನಿಂದ ದುಡ್ಡು ಜಾಸ್ತಿಯಾದರೂ ಸೂಪರ್ ಪೆಟ್ರೋಲೇ, ಎರಡೂ ಟ್ಯಾಂಕಿಗೆ.

ಮೊದಲು ಒಬ್ಬ ಡೀಲರ್ ಹತ್ತಿರ ಹೋಗಿದ್ದೆ. ಸಿಲ್ಲಿನ, ಅಂದರೆ ಬಾಗಿಲುಗಳ ಕೆಳಗಿನ ಪಟ್ಟಿಯ ತುದಿಯಲ್ಲಿ ಎರಡು ಬೆರಳಗಲ ತುಕ್ಕಿತ್ತು. "ಕೆಳಗಡೆ ಕಪ್ಪು ಬಣ್ಣ ಬಳಿಸಿ, ಟ್ಯಾಂಕಿನ ವಿಷಯ ಸುಮ್ನೆ ಯಾಕೆ ಹೇಳ್ತೀರಿ" ಎಂದರು. ಕೀ ವಾಪಸ್ ತಗೊಂಡು ಮನೆಗೆ ಬಂದೆ. ಮುಚ್ಚಿದ ತುಕ್ಕು ನಿಲ್ಲುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ನಾಳೆ ಯಾರದೋ ಮಕ್ಕಳು ಆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ.

ಜಾಹೀರಾತು ನಾನೇ ಬರೆದೆ. ತುಕ್ಕಿನ ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆದೆ. ಚಾವಣಿಯ ಬಟ್ಟೆ ಹಿಂದಿನ ಗಾಜಿನ ಹತ್ತಿರ ಜೋತುಬಿದ್ದಿದೆ, ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಎಲ್ಲ ಬರೆದೆ. ಬೆಲೆ 16,000 ಪೌಂಡ್. ಕೆಲವರು ಫೋನಿನಲ್ಲೇ ಅರ್ಧ ಬೆಲೆಗೆ ಕೇಳಿದರು. ಒಬ್ಬರು ಮದುವೆ ಬಾಡಿಗೆಗೆ ಬಿಡಲು ಬಿಳಿ ಬಣ್ಣ ಹೊಡೆಸುತ್ತೇನೆ ಎಂದರು. ಆಗಲ್ಲ ಎಂದೆ.

ಶನಿವಾರ ಬಂದವರು ಶ್ರೂಸ್‌ಬರಿಯ ಒಬ್ಬ ಮೇಷ್ಟ್ರಮ್ಮ. ಹಳೇ ಕಾರುಗಳನ್ನು ತಾವೇ ಬಿಚ್ಚಿ ಕಟ್ಟುವವರು. ನಮಸ್ಕಾರ ಹೇಳುವ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಅವರು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣನೆ ಎಂಜಿನ್ ಹೇಗೆ ಚಾಲೂ ಆಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಚಕ್ರದ ಕಮಾನುಗಳ ಸುತ್ತ, ಗಾಜಿನ ಅಂಚಿನ ಸುತ್ತ ಆಡಿಸಿದರು. ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ. ಮಳೆ ಬಿದ್ದ ನೆಲದಲ್ಲೇ ಮಲಗಿ ಕೆಳಗೆ ಟಾರ್ಚ್ ಬಿಟ್ಟರು. ನನ್ನ ಹೆಂಡತಿ ಚಾಪೆ ತಂದುಕೊಟ್ಟಳು.

ಸ್ಟೀರಿಂಗಿನ ನಡುವೆ ಒಂದು ಕೆಂಪು ಚುಕ್ಕೆ ನೋಡಿ "ಇದೇನು?" ಎಂದು ಕೇಳಿದರು. ಆಯುಧಪೂಜೆಯ ಕುಂಕುಮ. ಪ್ರತಿ ವರ್ಷ ಚಕ್ರದಡಿ ನಿಂಬೆಹಣ್ಣಿಟ್ಟು ಒಂದು ಸುತ್ತು ಹೋಗಿಬರುತ್ತಿದ್ದೆವು. ಒರೆಸಿಕೊಡಲಾ ಎಂದೆ. ಬೇಡ, ಅದನ್ನೂ ಫೈಲಿಗೆ ಸೇರಿಸಿ ಬರೆದುಕೊಡಿ ಎಂದರು. ಕೊನೆಯ ಎಂಒಟಿ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ.

14,500ಕ್ಕೆ ಒಪ್ಪಿದೆ. ಎರಡು ಗಂಟೆಯ ಮೇಲೆ ಫೋನ್ ಬಂತು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದ್ದರು. "ಡಾಕ್ಟರೇ, ಅರ್ಧ ದಾರಿಯಲ್ಲಿ ಎಡ ಟ್ಯಾಂಕಿಗೆ ಬದಲಾಯಿಸಿದೆ. ಎಂಜಿನ್ ಒಂದು ಸಲವೂ ತಡವರಿಸಲಿಲ್ಲ."